ಬೀಗವೂ ಕೊಂಡಿಯೂ

ಕಳವಾದ ಮೇಲೆ ಬೀಗವನ್ನು ಕುರಿತು ಚಿಂತಿಸುವುದು ಮನುಷ್ಯನ ಹಳೆಯ ಚಾಳಿ. ಇಂಗ್ಲೆಂಡಿನ ಬೀಗಗಳ ಇತಿಹಾಸವಂತೂ ಬಹುಮಟ್ಟಿಗೆ ಈ ಪಶ್ಚಾತ್ತಾಪದ ಇತಿಹಾಸವೇ ಆಗಿದೆ. 1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಗೀಲಿಯಿಂದ ಕನ್ನವಾಗಲು, ತನ್ನ ಕೀಲಿಯಿಂದಲ್ಲದೆ ಮತ್ತಾವುದರಿಂದಲೂ ತೆರೆಯದ ಬೀಗವನ್ನು ರಚಿಸಿಕೊಡುವವರಿಗೆ ಸರ್ಕಾರವು ಬಹುಮಾನವನ್ನು ಸಾರಿತು. ಮರುವರ್ಷವೇ ಜೆರಮಯ್ಯ ಚಬ್ ಎಂಬವನು ತನ್ನ ‘ಪತ್ತೆ ಬೀಗ’ಕ್ಕೆ ಪೇಟೆಂಟು ಪಡೆದನು. ಅದರ ಚಮತ್ಕಾರವನ್ನು ನೋಡಿ: ಕಳ್ಳಗೀಲಿಯು ಒಳಗಿನ ಸನ್ನೆಗಳಲ್ಲೊಂದನ್ನು ಮಿತಿಮೀರಿ ಎತ್ತಿದೊಡನೆ ಸ್ಪ್ರಿಂಗೊಂದು ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುವುದು, ಬಳಿಕ ಯಜಮಾನನ ಕೀಲಿಯೂ ತಿರುಗದೆ, ಯಾರೋ ಕೈಯಾಡಿಸಿದರೆಂಬ ವಾರ್ತೆಯನ್ನು ಬೀಗವೇ ಅರುಹುವುದು. ಚಾಡಿ ಹೇಳುವ ಬೀಗವೆನ್ನಬಹುದು!

ಈ ಬೀಗದ ಗರ್ವವೂ ಮುರಿಯಿತು. 1851ರ ಮಹಾಪ್ರದರ್ಶನದ ಕಾಲಕ್ಕೆ ಲಂಡನ್ನಿಗೆ ಬಂದ ಅಮೆರಿಕದ ಹಾಬ್ಸ್ ಎಂಬವನು ಇದನ್ನು 25 ನಿಮಿಷಗಳಲ್ಲಿ ತೆರೆದನು. ಬಿಚ್ಚಿದವರಿಗೆ 200 ಗಿನಿಯೆಂದು ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ದಶಕಗಳಿಂದ ಸವಾಲೊಡ್ಡಿ ಕುಳಿತಿದ್ದ ಬ್ರಾಮ ಎಂಬವನ ಬೀಗವನ್ನೋ, 16 ದಿನಗಳಲ್ಲಿ ಹಂಚಿಹೋದ 51 ಗಂಟೆಗಳ ದುಡಿಮೆಯಿಂದ.

ಆದರೆ ಉಳಿ, ಗರಗಸ, ಕೀಸುಳಿಗಳನ್ನು ಒಟ್ಟುಗೂಡಿಸಿ ಹಿತ್ತಿಲ ಮರದ ಕೊಠಡಿಯಲ್ಲಿ ಹವ್ಯಾಸಕ್ಕೆಂದು ಬಡಗಿತನ ನಡೆಸುವ ಗೃಹಸ್ಥನ ಮನೆಗೆ ಹಾಬ್ಸನಂಥ ಪಂಡಿತನು ಬರುವುದಿಲ್ಲ. ಬರುವವನು ಬೀಗವನ್ನು ಮುಟ್ಟುವುದೇ ಇಲ್ಲ. ಹೊರಗೆ ಹೊಳೆಯುತ್ತಿರುವ ಕೊಂಡಿಯ ನಾಲ್ಕು ತಿರುಪುಮೊಳೆಗಳನ್ನು ಸಾವಧಾನವಾಗಿ ಬಿಚ್ಚಿ, ಬೀಗ ಸಮೇತ ಕೊಂಡಿಯನ್ನು ಹುಲ್ಲಿನ ಮೇಲಿಟ್ಟು ಒಳಹೊಗುವನು. ಹೊಸ ಬೀಗಕ್ಕೆ ಹಣ ತೆರುವ ಮುನ್ನ, ಕೊಂಡಿಗೆ ಬಾಗಿಲನ್ನು ತೂರಿ ಒಳಗಿನಿಂದ ನಟ್ಟು ಬಿಗಿದ ಬೋಲ್ಟುಗಳಿವೆಯೇ ಎಂಬುದನ್ನು ಓದುಗರು ಒಮ್ಮೆ ನೋಡಿಕೊಳ್ಳಲಿ.