ಹಿದಾಯತುಲ್ಲಾ, ಮೊಹಮ್ಮದ್ (1905–1992)

ನ್ಯಾಯಮೂರ್ತಿ, ಹಂಗಾಮಿ ರಾಷ್ಟ್ರಪತಿ, ಉಪರಾಷ್ಟ್ರಪತಿ. ನಾಗಪುರದ ಮಾರಿಸ್ ಕಾಲೇಜಿನಲ್ಲೂ ಕೇಂಬ್ರಿಜ್‌ನಲ್ಲೂ ಓದಿ, ನಾಗಪುರ ಹೈಕೋರ್ಟಿನಲ್ಲಿ ವಕೀಲಿ ಮಾಡಿ, 1954ರಲ್ಲಿ ಅಲ್ಲಿಯೇ ಮುಖ್ಯ ನ್ಯಾಯಮೂರ್ತಿಯಾದರು. 1968ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಅಧಿಕಾರ ವಹಿಸಿಕೊಂಡರು. ಚುನಾವಣೆಗೆ ನಿಲ್ಲಲು ಜುಲೈ 20ರಂದು ರಾಜೀನಾಮೆ ಕೊಟ್ಟರು. ಎರಡು ಹುದ್ದೆಗಳೂ ತೆರವಾದರೆ ಹೊಣೆ ಯಾರದೆಂಬುದನ್ನು ಸಂವಿಧಾನ ಹೇಳಿರಲಿಲ್ಲ. ಆ ವರ್ಷವೇ ಸಂಸತ್ತು ಮಾಡಿದ ಕಾಯಿದೆಯ ಪ್ರಕಾರ ಹೊಣೆ ಮುಖ್ಯ ನ್ಯಾಯಮೂರ್ತಿಯ ಹೆಗಲಿಗೆ ಬಂತು. ಆಗಸ್ಟ್ 24ರವರೆಗೆ ಹಿದಾಯತುಲ್ಲಾ ಅದನ್ನು ನಿಭಾಯಿಸಿದರು.

ಆ ಮೂವತ್ತೈದು ದಿನಗಳಲ್ಲಿ ಮುಖ್ಯವಾದುದು ಒಂದು ಸಹಿ. ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಗಿರಿ ಹುದ್ದೆ ಬಿಡುವ ಮುನ್ನಾದಿನ ಅಂಕಿತ ಹಾಕಿದ್ದರು. ಸಂಸತ್ತು ಅಂಗೀಕರಿಸಿದ ಮಸೂದೆಗೆ ಆಗಸ್ಟ್ 9ರಂದು ಹಿದಾಯತುಲ್ಲಾ ಅಂಕಿತ ಹಾಕಿದರು. ಅದೇ ಕಾಯಿದೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅವರು ಪೀಠದಲ್ಲಿ ಕೂರಲಿಲ್ಲ. ನ್ಯಾಯಮೂರ್ತಿ ಜೆ.ಸಿ. ಷಾ ನೇತೃತ್ವದ ಹನ್ನೊಂದು ಮಂದಿಯ ಪೀಠ 1970ರ ಫೆಬ್ರವರಿ 10ರಂದು ಕಾಯಿದೆಯನ್ನು ರದ್ದುಪಡಿಸಿತು. ಅಧಿಕೃತ ಕೃತ್ಯಗಳಿಗಾಗಿ ನ್ಯಾಯಾಲಯಕ್ಕೆ ಉತ್ತರ ಕೊಡಬೇಕಾಗದಂತೆ ರಾಷ್ಟ್ರಪತಿಗೆ 361ನೇ ವಿಧಿ ರಕ್ಷಣೆ ಕೊಡುತ್ತದೆ, ಆದರೆ ಸಹಿ ಬಿದ್ದ ಕಾಯಿದೆಗೆ ಆ ರಕ್ಷಣೆ ಇಲ್ಲ. ಈ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕಂಡ ಪ್ರಸಂಗಗಳು ವಿರಳ.

ಹಿದಾಯತುಲ್ಲಾ 1979ರಿಂದ 1984ರವರೆಗೆ ಉಪರಾಷ್ಟ್ರಪತಿಯಾಗಿದ್ದರು.