ಹಳೆ ಕಾರಿಗೆ ಹೊಸ ಸ್ಪೀಕರ್ ಹಾಕಿಸಿದರೆ ಬೆಂಕಿ ಹತ್ತುತ್ತದೆಯೇ? ಯಾವುದು ನಿಜ, ಯಾವುದು ಸುಳ್ಳು

ಕೊಡಗಿನ ದಕ್ಷಿಣ ತುದಿಯ ಕುಟ್ಟದಿಂದ ಗೋಣಿಕೊಪ್ಪಕ್ಕೆ ಹೋಗುವ ದಾರಿಯಲ್ಲಿ ಇವತ್ತಿಗೂ ಹಳೆಯ ಮಾರುತಿ 800, ಓಮ್ನಿ, ಜೀಪುಗಳು ಕಾಣಸಿಗುತ್ತವೆ. ಮಾರುತಿ 800 ಮಾರುಕಟ್ಟೆಗೆ ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅಂದರೆ ಕೊನೆಯ ಕಾರಿಗೂ ಈಗ ಹತ್ತು ವರ್ಷ ದಾಟಿದೆ. ಇಂಥ ಗಾಡಿಗೆ ಮುಂದಿನ ಸ್ಪೀಕರ್ ಹಾಕಿಸಲು ಹೊರಟರೆ ಮೊಬೈಲಿನಲ್ಲಿ ಬಗೆಬಗೆಯ ಸಲಹೆ ಬರುತ್ತದೆ. ಒಬ್ಬರು ಬೆಂಕಿ ಹತ್ತುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಬ್ಯಾಟರಿ ಹಾಳು ಅನ್ನುತ್ತಾರೆ. ಒಂದೊಂದಾಗಿ ನೋಡೋಣ.

ಹೇಳಿಕೆ 1: ಹೊಸ ಸ್ಪೀಕರ್ ಹಾಕಿದರೆ ಹಳೆ ವೈರಿಂಗ್ ಸುಟ್ಟುಹೋಗುತ್ತದೆ

ಅರ್ಧ ಸತ್ಯ. ಸ್ಪೀಕರ್ ತಾನಾಗಿ ವಿದ್ಯುತ್ ಎಳೆಯುವುದಿಲ್ಲ. ಸ್ಟೀರಿಯೊ ಕೊಟ್ಟಷ್ಟನ್ನೇ ಪಡೆಯುತ್ತದೆ. ಹಳೆಯ 4 ಓಮ್ ಸ್ಪೀಕರ್ ತೆಗೆದು ಹೊಸ 4 ಓಮ್ ಸ್ಪೀಕರ್ ಹಾಕಿದರೆ ವೈರಿಂಗ್ ಮೇಲೆ ಹೆಚ್ಚಿನ ಹೊರೆ ಬೀಳುವುದಿಲ್ಲ.

ಅಪಾಯ ಇರುವುದು ಬೇರೆ ಕಡೆ. ಒಂದೇ ಜೋಡಿ ತಂತಿಗೆ 4 ಓಮ್‌ನ ಎರಡು ಸ್ಪೀಕರ್‌ಗಳನ್ನು ಅಕ್ಕಪಕ್ಕ ಜೋಡಿಸಿದರೆ ಒಟ್ಟು 2 ಓಮ್ ಆಗುತ್ತದೆ, ಕರೆಂಟ್ ಎರಡರಷ್ಟಾಗುತ್ತದೆ, ಸ್ಟೀರಿಯೊ ಬಿಸಿಯಾಗುತ್ತದೆ. ಇದಕ್ಕಿಂತ ಕೆಟ್ಟದ್ದು, ಫ್ಯೂಸ್ ಪದೇ ಪದೇ ಹೋಗುತ್ತದೆಂದು 10 ಆಂಪಿಯರ್ ಜಾಗದಲ್ಲಿ 20 ಆಂಪಿಯರ್ ಫ್ಯೂಸ್ ಅಥವಾ ತಂತಿಯ ಚೂರು ಸಿಕ್ಕಿಸುವುದು. ಆಗ ಫ್ಯೂಸ್ ಬದಲು ಕಾರಿನ ತಂತಿಯೇ ಕಾಯುತ್ತದೆ. ಬೆಂಕಿಯ ಭಯ ನಿಜವಾಗುವುದು ಇಲ್ಲಿ.

ಹೇಳಿಕೆ 2: ಡಬ್ಬಿಯ ಮೇಲೆ "50 ವ್ಯಾಟ್ × 4" ಎಂದಿದೆ, ಅಷ್ಟೂ ಸಿಗುತ್ತದೆ

ಸುಳ್ಳು. ಎಂಜಿನ್ ಓಡುವಾಗ ಕಾರಿನಲ್ಲಿರುವುದು ಸುಮಾರು 14.4 ವೋಲ್ಟ್. ಅದನ್ನು ಅದರಿಂದಲೇ ಗುಣಿಸಿ 4 ಓಮ್‌ನಿಂದ ಭಾಗಿಸಿದರೆ ಹತ್ತಿರಹತ್ತಿರ 52 ಬರುತ್ತದೆ. ಡಬ್ಬಿಯ ಮೇಲಿನ 50 ಬಂದದ್ದು ಈ ಲೆಕ್ಕದಿಂದ. ಸಂಗೀತ ಸ್ಪಷ್ಟವಾಗಿ ಕೇಳುವ ಹಾಗೆ ಸಿಗುವ ನಿಜವಾದ ಶಕ್ತಿ ಒಂದು ಸ್ಪೀಕರ್‌ಗೆ 15ರಿಂದ 20 ವ್ಯಾಟ್ ಮಾತ್ರ. ಆದ್ದರಿಂದ ಕೊಳ್ಳುವಾಗ "ಆರ್‌ಎಂಎಸ್" ಎಂದು ಬರೆದಿರುವ ಅಂಕಿ ನೋಡಿ. "ಮ್ಯಾಕ್ಸ್", "ಪೀಕ್" ಅಂಕಿಗಳನ್ನು ನಂಬಿ ದುಡ್ಡು ಕೊಡಬೇಡಿ.

ಹೇಳಿಕೆ 3: ಹೆಚ್ಚು ವ್ಯಾಟ್‌ನ ಸ್ಪೀಕರ್ ಹಾಕಿದರೆ ಸ್ಟೀರಿಯೊ ಕೆಡುತ್ತದೆ

ಸುಳ್ಳು. ಸ್ಪೀಕರ್ ಮೇಲಿನ ವ್ಯಾಟ್ ಎಂದರೆ ಅದು ತಡೆದುಕೊಳ್ಳುವ ಮಿತಿ. ಜೋರಾಗಿ ಕೇಳಬೇಕಾದರೆ ನೋಡಬೇಕಾದ್ದು "ಸೆನ್ಸಿಟಿವಿಟಿ". ಅದು 3 ಡೆಸಿಬಲ್ ಹೆಚ್ಚಿದ್ದರೆ ಅದೇ ಸದ್ದಿಗೆ ಅರ್ಧ ವ್ಯಾಟ್ ಸಾಕು. ಬೇರೆ ಆಂಪ್ಲಿಫೈಯರ್ ಇಲ್ಲದ ಹಳೆ ಕಾರಿಗೆ 90 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಿನ ಸೆನ್ಸಿಟಿವಿಟಿ ಇರುವ ಸ್ಪೀಕರ್ ಒಳ್ಳೆಯದು. ಸಣ್ಣ ಸ್ಟೀರಿಯೊವನ್ನು ಗರಗರ ಎನ್ನುವಷ್ಟು ಜೋರು ಮಾಡಿದರೆ ಮಾತ್ರ ಮೊದಲು ಕೆಡುವುದು ಟ್ವೀಟರ್.

ಹೇಳಿಕೆ 4: ಸ್ಪೀಕರ್ ಬದಲಿಸಿದರೆ ರೇಡಿಯೊ ಸ್ಪಷ್ಟವಾಗುತ್ತದೆ

ಸುಳ್ಳು. ಮಡಿಕೇರಿ ಆಕಾಶವಾಣಿ 103.1 ಎಫ್‌ಎಂ ಕುಟ್ಟದ ಕಡೆ ತಿರುವಿನಲ್ಲಿ ಕೊರಕೊರ ಎಂದರೆ ತಪ್ಪು ಸ್ಪೀಕರ್‌ನದಲ್ಲ. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರ ಸಾಗುತ್ತವೆ, ನಡುವೆ ಬೆಟ್ಟ ಬಂದರೆ ಕ್ಷೀಣಿಸುತ್ತವೆ. ಮೊದಲು ಆಂಟೆನಾ ಮತ್ತು ಅದರ ಬುಡದ ತುಕ್ಕು ನೋಡಿಸಿ.

ಹೇಳಿಕೆ 5: ಬಾಗಿಲು ಕೊರೆದು ಸ್ಪೀಕರ್ ಕೂರಿಸಿದರೆ ಆಯಿತು

ಇದು ಅರ್ಧ ಕೆಲಸ ಮಾತ್ರ. ಕಿಟಕಿ ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲಿನೊಳಗೇ ಇಳಿದು ಕೆಳಗಿನ ಸಣ್ಣ ರಂಧ್ರಗಳಿಂದ ಹೊರಹೋಗುತ್ತದೆ. ಕೊಡಗಿನ ಮಳೆಗಾಲದಲ್ಲಿ ಆ ರಂಧ್ರ ಮುಚ್ಚಿದರೆ ಬಾಗಿಲು ತುಕ್ಕು ಹಿಡಿಯುತ್ತದೆ, ಸ್ಪೀಕರ್ ನೆನೆಯುತ್ತದೆ. ಬಾಗಿಲಿನ ಒಳಹೊದಿಕೆಯ ಹಿಂದಿರುವ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತು ಬಿಸಾಡಬಾರದು. ಸ್ಪೀಕರ್ ಕೂರಿಸುವ ಬಳೆಗೆ ಎಂಡಿಎಫ್ ಬೇಡ, ಅದು ತೇವಕ್ಕೆ ಉಬ್ಬುತ್ತದೆ. ಪ್ಲಾಸ್ಟಿಕ್ ಅಥವಾ ನೀರು ತಡೆಯುವ ಪ್ಲೈವುಡ್ ಇರಲಿ. ಕೊರೆಯುವ ಮುಂಚೆ ಗಾಜನ್ನು ಪೂರ್ತಿ ಇಳಿಸಿ, ಅದು ಸ್ಪೀಕರ್‌ನ ಮ್ಯಾಗ್ನೆಟ್‌ಗೆ ತಾಗುವುದಿಲ್ಲ ಎಂದು ಅಳೆದು ನೋಡಬೇಕು.

ಸ್ಪೀಕರ್ ಸುತ್ತ ಸಂದು ಬಿಟ್ಟರೆ ಹಿಂದಿನ ಗಾಳಿ ಮುಂದಿನ ಗಾಳಿಯೊಂದಿಗೆ ಬೆರೆತು ಬಾಸ್ ಕಡಿಮೆಯಾಗುತ್ತದೆ. ಒಂದು ಕಡೆಯ ಪ್ಲಸ್-ಮೈನಸ್ ಅದಲುಬದಲಾದರೂ ಹಾಗೆಯೇ. ಇದನ್ನು ಪರೀಕ್ಷಿಸುವುದು ಸುಲಭ: ಸ್ಟೀರಿಯೊದಿಂದ ಬಿಡಿಸಿದ ಸ್ಪೀಕರ್ ತಂತಿಗೆ 1.5 ವೋಲ್ಟ್‌ನ ಸಣ್ಣ ಸೆಲ್ ಅನ್ನು ಕ್ಷಣಮಾತ್ರ ತಾಗಿಸಿ. ಸೆಲ್‌ನ ಪ್ಲಸ್, ಸ್ಪೀಕರ್‌ನ ಪ್ಲಸ್‌ಗೆ ತಾಗಿದಾಗ ಎರಡೂ ಬದಿಯ ಕೋನ್ ಹೊರಕ್ಕೇ ಹಾರಬೇಕು.

ಹೇಳಿಕೆ 6: ಸ್ಪೀಕರ್ ಹಾಕಿದ ಮೇಲೆ ಬ್ಯಾಟರಿ ಇಳಿಯುತ್ತದೆ

ಕಾರಣ ಸಾಮಾನ್ಯವಾಗಿ ಸ್ಟೀರಿಯೊದ ಜೋಡಣೆ. ಹೊರಗೆ ಕೊಳ್ಳುವ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿ ಸದಾ ಬ್ಯಾಟರಿಗೆ, ಕೆಂಪು ತಂತಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಗೆ ಹೋಗಬೇಕು. ಎರಡನ್ನೂ ಒಟ್ಟಿಗೆ ಬ್ಯಾಟರಿಗೆ ಕಟ್ಟಿದರೆ ಕೀ ತೆಗೆದ ಮೇಲೂ ಸ್ಟೀರಿಯೊ ಎಚ್ಚರವಾಗಿರುತ್ತದೆ. ಎಂಜಿನ್ ನಿಲ್ಲಿಸಿ ಹಾಡು ಕೇಳುವುದು ಇನ್ನೊಂದು ಕಾರಣ. 3 ಆಂಪಿಯರ್ ಎಳೆಯುವ ಸ್ಟೀರಿಯೊ 35 ಆಂಪಿಯರ್-ಅವರ್ ಬ್ಯಾಟರಿಯ ಮೂರನೇ ಒಂದು ಭಾಗವನ್ನು 4 ಗಂಟೆಯಲ್ಲಿ ತಿನ್ನುತ್ತದೆ. ಬ್ಯಾಟರಿ ಹಳತಾಗಿದ್ದರೆ ಗಾಡಿ ಸ್ಟಾರ್ಟ್ ಆಗದಿರಲು ಅಷ್ಟು ಸಾಕು. ನಾಗರಹೊಳೆ ಕಾಡಿನ ಅಂಚಿನ ರಸ್ತೆಯಲ್ಲಿ ಸಂಜೆ ಹೊತ್ತು ಹೀಗಾದರೆ ಇಳಿದು ತಳ್ಳುವುದು ಕ್ಷೇಮವಲ್ಲ.

ಕೆಲಸ ಒಪ್ಪಿಸುವ ಮುನ್ನ ಇಷ್ಟು ಕೇಳಿ

• ಸ್ಪೀಕರ್‌ನ ಮೈನಸ್ ತಂತಿಯನ್ನು ಕಾರಿನ ಬಾಡಿಗೆ ಕಟ್ಟುತ್ತೀರಾ? ಈಗಿನ ಸ್ಟೀರಿಯೊಗಳಿಗೆ ಹಾಗೆ ಕಟ್ಟಬಾರದು, ಸ್ಟೀರಿಯೊ ಸುಡಬಹುದು. ಹಳೆ ಕಾರಿನ ತಂತಿ ಹಾಗಿದ್ದರೆ ಹೊಸ ತಂತಿ ಎಳೆಸಿ.
• ತಂತಿಗಳನ್ನು ಬರೀ ತಿರುಚಿ ಟೇಪ್ ಸುತ್ತುತ್ತೀರಾ? ಬೆಸುಗೆ ಅಥವಾ ಕ್ರಿಂಪ್ ಕನೆಕ್ಟರ್ ಇರಲಿ.
• ಬಾಗಿಲು ತೆರೆದು ಮುಚ್ಚುವ ಜಾಗದಲ್ಲಿ ತಂತಿಗೆ ರಬ್ಬರ್ ಕೊಳವೆ ಇದೆಯೇ?
• ಆಂಪ್ಲಿಫೈಯರ್ ಹಾಕುವುದಾದರೆ ಬ್ಯಾಟರಿಯಿಂದ ಬೇರೆ ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೊಡುತ್ತೀರಾ? 50 ವ್ಯಾಟ್‌ನ ನಾಲ್ಕು ಚಾನೆಲ್ ಪೂರ್ತಿ ದುಡಿದರೆ 25 ಆಂಪಿಯರ್ ಹತ್ತಿರ ಬೇಕಾಗುತ್ತದೆ. ಸ್ಟೀರಿಯೊದ ತಂತಿ ಅದನ್ನು ತಡೆಯದು.

ಕಿವಿಯ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಹಿಂದಿನ ಗಾಡಿಯ ಹಾರ್ನ್ ಕೇಳದಷ್ಟು ಜೋರು ಘಾಟಿ ತಿರುವಿನಲ್ಲಿ ಬೇಡವೇ ಬೇಡ.

ತೀರ್ಮಾನ: ಹಳೆ ಕಾರಿಗೆ ಮುಂದಿನ ಸ್ಪೀಕರ್ ಹಾಕಿಸುವುದರಲ್ಲಿ ಅಪಾಯವಿಲ್ಲ. ತಪ್ಪು ಫ್ಯೂಸ್, ತಪ್ಪು ಓಮ್ ಮತ್ತು ಸಡಿಲ ಜೋಡಣೆಯಲ್ಲಿ ಅಪಾಯವಿದೆ. "ಸ್ಪೀಕರ್ ಹಾಕಿದರೆ ಬೆಂಕಿ" ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಬದಲು ನಿಮ್ಮ ಗಾಡಿಯ ಫ್ಯೂಸ್ ಡಬ್ಬಿ ತೆರೆದು ಒಮ್ಮೆ ನೋಡಿ.