ಎತ್ತರ ಬದಲಿಸುವ ಮೇಜು: ಖಾನಾಪುರದ ಮರ, ಬೆಳಗಾವಿಯ ಕಬ್ಬಿಣ

ಪೀಠೋಪಕರಣಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅವುಗಳ ಆಕಾರವನ್ನೂ ಕೆತ್ತನೆಯನ್ನೂ ಗಮನಿಸುತ್ತಾರೆ. ಉಪಯೋಗಿಸುವವನ ದೇಹವನ್ನು ಗಮನಿಸುವುದು ವಿರಳ. ವ್ಯಾಸಪೀಠವಾಗಲಿ ಕಚೇರಿಯ ಮೇಜಾಗಲಿ ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಬಾಗಬೇಕಾದುದು ಮನುಷ್ಯನ ಬೆನ್ನು. ಮೇಜೇ ಮನುಷ್ಯನಿಗೆ ಹೊಂದಿಕೊಳ್ಳಬೇಕಾದರೆ ಯಾವ ಸಾಮಗ್ರಿ, ಯಾವ ಕೌಶಲ ಬೇಕೆಂಬುದನ್ನು ಬೆಳಗಾವಿ ಸೀಮೆಯ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಹ್ಯಾದ್ರಿಯ ಮಗ್ಗುಲಲ್ಲಿರುವ ಖಾನಾಪುರ ತಾಲೂಕು ಅರಣ್ಯಸಮೃದ್ಧವಾದುದು. ಬಡಿಗನಿಗೆ ಸುಲಭಸಾಧ್ಯವಾದ ಉಪಾಯವೆಂದರೆ ಒಂದರೊಳಗೊಂದು ಜಾರುವ ಕಾಲುಗಳು, ಅವುಗಳಲ್ಲಿ ಸಾಲುರಂಧ್ರಗಳು, ಒಂದು ಗೂಟ. ಇದರ ಮಿತಿಗಳು ಎರಡು. ಎತ್ತರವು ರಂಧ್ರದಿಂದ ರಂಧ್ರಕ್ಕೆ ಜಿಗಿಯುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಜಾರುವ ಭಾಗ ಬಿಗಿಯುತ್ತದೆ. 18ನೆಯ ಶತಮಾನದ ಯುರೋಪಿನ ನಕ್ಷೆಗಾರರ ಮೇಜುಗಳಲ್ಲಿದ್ದ ಹಲ್ಲುಪಟ್ಟಿಯೂ ಇದೇ ಬಗೆಯ ಮೆಟ್ಟಿಲು ಮೆಟ್ಟಿಲಾದ ವ್ಯವಸ್ಥೆಯೇ.

ಈ ಜಿಗಿತವನ್ನು ನಿವಾರಿಸಿದುದು ಲೋಹದ ತಿರುಪು. 1800ರ ಸುಮಾರಿಗೆ ಹೆನ್ರಿ ಮಾಡ್ಸ್‌ಲೆಯ ಲೇತು ನಿಖರವಾದ ತಿರುಪನ್ನು ಕೊರೆಯಿತು. 1841ರಲ್ಲಿ ಜೋಸೆಫ್ ವಿಟ್‌ವರ್ತನು ತಿರುಪಿನ ಸುತ್ತುಗಳಿಗೆ ಏಕರೂಪದ ಅಳತೆಯನ್ನು ಸೂಚಿಸಿದನು. ಸುತ್ತಿಗೆ 4 ಮಿಲಿಮೀಟರ್ ಏರುವ ತಿರುಪನ್ನು 25 ಬಾರಿ ತಿರುಗಿಸಿದರೆ ಮೇಜು 100 ಮಿಲಿಮೀಟರ್ ಏರುತ್ತದೆ. ಸುತ್ತಿನ ಇಳಿಜಾರು ಸಾಕಷ್ಟು ಕಡಿಮೆಯಿದ್ದರೆ ಘರ್ಷಣೆಯೇ ಭಾರವನ್ನು ತಡೆಯುವುದರಿಂದ ಕೈಬಿಟ್ಟರೂ ಮೇಜು ಇಳಿಯದು.

ಇಂಥ ಲೋಹಕೌಶಲ ಬೆಳಗಾವಿಗೆ ಅಪರಿಚಿತವಾಗಿರಲಿಲ್ಲ. ಮುಂಬಯಿಯಲ್ಲಿ ಯಾಂತ್ರಿಕ ನಕ್ಷೆಯನ್ನು ಕಲಿಸುತ್ತಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಇಲ್ಲಿ ಆರಂಭವಾದ ಸೈಕಲ್ ವ್ಯಾಪಾರದಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಮುಂದುವರಿದರು. 1910ರಲ್ಲಿ ಅವರ ಕಾರ್ಖಾನೆ ಔಂಧ್ ಸಂಸ್ಥಾನಕ್ಕೆ ಹೋಯಿತು. ಮುಂದೆ ನಗರದಲ್ಲಿ ಎರಕದ ಕಾರ್ಖಾನೆಗಳು ಬೆಳೆದವು. 1981ರಲ್ಲಿ ಸ್ಥಾಪಿತವಾದ ಪಾಲಿಹೈಡ್ರಾನ್ ಸಂಸ್ಥೆ ಹೈಡ್ರಾಲಿಕ್ ಪಂಪು, ಕವಾಟಗಳನ್ನು ತಯಾರಿಸಿತು. ಇವೆಲ್ಲಕ್ಕೂ ನೇರ ವಂಶಾವಳಿಯನ್ನು ಕಲ್ಪಿಸುವುದು ಅವಸರದ ತೀರ್ಮಾನವಾದೀತು.

ಹೈಡ್ರಾಲಿಕ್ ಮೇಜಿನ ತತ್ತ್ವವು 1795ರಲ್ಲಿ ಜೋಸೆಫ್ ಬ್ರಾಮಾ ಹಕ್ಕುಪತ್ರ ಪಡೆದ ಒತ್ತುಯಂತ್ರದ್ದೇ ಆಗಿದೆ. ದೊಡ್ಡ ಪಿಸ್ಟನ್ನಿನ ಕ್ಷೇತ್ರ ಹತ್ತು ಪಟ್ಟಾದರೆ ಬಲವೂ ಹತ್ತು ಪಟ್ಟು. ಚಲನೆ ಮಾತ್ರ ಹತ್ತನೆಯ ಒಂದು ಭಾಗ. ಎಣ್ಣೆ ಸೋರಿದರೆ ಮೇಜು ಕುಸಿಯುತ್ತದೆ. ಭಾರ ಒಂದು ಬದಿಗೆ ಹೆಚ್ಚಾದರೆ ಎರಡು ಕಾಲುಗಳು ಸಮನಾಗಿ ಏರವು. ಎಣ್ಣೆಯನ್ನು ಸಮವಾಗಿ ಹಂಚುವ ಸಾಧನ ಬೇಕಾಗುತ್ತದೆ. ತಿರುಪಿನ ಮೇಜಿನಲ್ಲಿ ಅದೇ ಕೆಲಸವನ್ನು ಎರಡು ತಿರುಪುಗಳನ್ನು ಜೋಡಿಸುವ ಅಡ್ಡದಂಡ ಮಾಡುತ್ತದೆ.

ಗೂಟ, ತಿರುಪು, ಎಣ್ಣೆ ಎಂಬ ಈ ಕ್ರಮವನ್ನು ಕೇವಲ ಪ್ರಗತಿಯ ಸೋಪಾನವೆಂದು ತಿಳಿಯಲಾಗದು. ಭಾರವೆಷ್ಟು, ಎತ್ತರ ಎಷ್ಟು ಬಾರಿ ಬದಲಾಗಬೇಕು ಎಂಬುದೇ ಆಯ್ಕೆಯ ಮಾನದಂಡ. ಯಂತ್ರಶಾಲೆಯ ಭಾರಕ್ಕೆ ಎಣ್ಣೆ ಬೇಕು. ಬೆಳೆಯುವ ಮಕ್ಕಳ ಶಾಲೆಯ ಮೇಜಿಗೆ ವರ್ಷಕ್ಕೊಮ್ಮೆ ಗೂಟ ಬದಲಿಸಿದರೆ ಸಾಕು. ಅದನ್ನು ಊರಿನ ಬಡಿಗನೇ ಮಾಡಿ, ಅವನೇ ದುರಸ್ತಿ ಮಾಡಬಲ್ಲನು. ಆದುದರಿಂದ ಶಾಲೆಯಲ್ಲಿ ಎಳೆಯ ಬೆನ್ನು ಮೇಜಿಗೆ ಬಾಗಬೇಕಾದಲ್ಲಿ ತಂತ್ರಜ್ಞಾನದ ಕೊರತೆಯನ್ನು ಕಾರಣವಾಗಿ ಹೇಳಲು ಇತಿಹಾಸದಲ್ಲಿ ಆಧಾರವಿಲ್ಲ.